ಅಡಿಯಾಳಿನ ಅಹವಾಲು

ದಿಂಡಿಗಲ್–ಕರೂರು ರಸ್ತೆಯ ವೇದಸಂದೂರಿನ ಹತ್ತಿರ, ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ ಆಡುವ ಒಂದು ಮನೆ. ಎಪ್ಪತ್ತೆರಡರ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ತೂಕಡಿಸುತ್ತಿದ್ದಾಗ ಅವರ ಬಲ ಅಂಗಾಲು ಮಾತಿಗೆ ಸಿಕ್ಕಿತು.

ನಮಸ್ಕಾರ.

ಮೇಲ್ಗಡೆಗೆ ಮಾಡಿ, ಎಲ್ಲರೂ ಮಾಡೋದು ಅಲ್ಲಿಗೇ. ಮದುಮಕ್ಕಳು, ಓಟು ಕೇಳೋರು, ಎಲ್ಲ ಹೆಬ್ಬೆರಳು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗ್ತಾರೆ. ಬಗ್ಗಿ ಅಡಿ ನೋಡಿದವರಿಲ್ಲ. ಅರಿಶಿನವೂ ಅಂಚಿನ ತನಕ ಅಷ್ಟೆ.

ಪಾದದ ಡಾಕ್ಟರನ್ನು ಮನೆಗೆ ಕರೆಸುತ್ತಿದ್ದಾರಂತೆ?

ಬೆಂಗಳೂರಿನ ಮಗ ಹದಿನೈದು ದಿನದಿಂದ ಕರೆಸ್ತಾನೇ ಇದಾನೆ. ‘ಪೋಡಿಯಾಟ್ರಿಸ್ಟ್ ಬೇಕು’ ಅಂತ ಫೋನ್ ಮಾಡಿದ. ‘ಮಗೂಗೆ ಎಷ್ಟು ವಯಸ್ಸು ಸಾರ್?’ ಅಂದ್ಲು ಆ ಕಡೆಯ ಹುಡುಗಿ. ‘ಎಪ್ಪತ್ತೆರಡು.’ ಫೋನ್ ಇಟ್ಟುಬಿಟ್ಲು. ಇನ್ನೊಂದು ಕಡೆ ಪೆಡಿಕ್ಯೂರ್‌ನವರು ಸಿಕ್ಕಿದ್ರು: ‘ಮದುವೆ ಹೆಣ್ಣಾದ್ರೆ ಮನೆಗೇ ಬರ್ತೀವಿ.’ ಬಿರಿಯಾನಿ ಮನೆಗೆ ಬರುತ್ತೆ, ಸಾಲ ವಸೂಲಿಯವನು ಕರೀದೇನೇ ಬರ್ತಾನೆ. ನನ್ನ ವೈದ್ಯನ ಬಾಗಿಲಿಗೆ ಮಾತ್ರ ದಿಂಡಿಗಲ್ ಬೀಗ.

ಮೊದಲೂ ಹೀಗೇ ಇತ್ತೆ?

ಎಲ್ಲಿ! ಈ ಅಜ್ಜಿಯ ಮಾವನ ಕಾಲದಲ್ಲಿ ಕ್ಷೌರದವರು ಮನೆಬಾಗಿಲಿಗೇ ಬರೋರು. ಸಣ್ಣ ಉಳಿಯಲ್ಲಿ ಉಗುರು ತೆಗೆದು, ಆಣಿ ಕೆತ್ತಿ, ಸುಗ್ಗೀಲಿ ಕಾಳು ಅಳೆಸಿಕೊಂಡು ಹೋಗೋರು. ಆಗ ಅದನ್ನ ಕೀಳು ಕೆಲಸ ಅಂದಿರಿ. ಇಂಗ್ಲಿಷ್ ಹೆಸರು ಬಂದ ಮೇಲೆ ಹುಡುಕ್ತಾ ಇದೀರಿ.

ಸರ್ಕಾರ?

ಬೈಯೋಕೆ ಬಾಯಿ ಬರಲ್ಲ. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’, ಅಂದ್ರೆ ಜನರನ್ನ ಹುಡುಕಿಕೊಂಡು ಬರೋ ವೈದ್ಯದ ಯೋಜನೆ, ಈ ಜಗಲಿಗೂ ಬರುತ್ತೆ. ಒಬ್ಬ ಹೆಣ್ಣುಮಗಳು ಬಿ.ಪಿ. ನೋಡಿ ಸಕ್ಕರೆ ಮಾತ್ರೆ ಕೊಡ್ತಾಳೆ. ಒಂದಿನ ಅವಳೇ ‘ಕಾಲು ತೋರಿಸಿ ಪಾಟಿ’ ಅಂದ್ಲು. ಇವಳು ಸೀರೆ ಎಳಕೊಂಡು ನನ್ನನ್ನ ಮಡಚಿಟ್ಲು. ಮನೆಗೆ ಬಂದ ಲಕ್ಷ್ಮಿಗೆ ಕಾಲು ತೋರಿಸೋದುಂಟಾ?

ನೋವಿದೆಯೆ?

ಅದೊಂದಿದ್ದಿದ್ರೆ ಮನೆಮಂದಿಯೆಲ್ಲ ಎದ್ದು ಕೂತಿರೋರು. ಸಕ್ಕರೆ ನನ್ನ ನರಗಳನ್ನ ಸದ್ದಿಲ್ಲದೆ ತಿಂದಿದೆ. ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ಅಂತ ಡಾಕ್ಟರು, ವೆಲ್ಲೂರಲ್ಲಿ ಕುಷ್ಠರೋಗಿಗಳ ಕೈಕಾಲು ನೋಡಿ ನೋಡಿ ಕಂಡುಕೊಂಡಿದ್ದೂ ಇದೇ: ಬೆರಳು ತಾನಾಗಿ ಕೊಳೆತು ಬೀಳಲ್ಲ, ನೋವೇ ತಿಳೀದೆ ಗಾಯದ ಮೇಲೇ ನಡೆದು ನಡೆದು ಹಾಳಾಗುತ್ತೆ. ಕಾಲಿನ ಡಾಕ್ಟರು ಬಂದ್ರೆ ಮೊದಲು ಮಾಡೋದೇನು? ಒಂದು ನೈಲಾನ್ ಎಳೆ ಒತ್ತುತ್ತಾರೆ. 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತೆ. ಒತ್ತಿದ್ದು ನನಗೆ ತಿಳೀದಿದ್ರೆ, ಮೆತ್ತನೆ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಹಾಕ್ಕೊಳ್ಳಿ, ದಿನಾ ಕಾಲು ನೋಡ್ಕೊಳ್ಳಿ ಅಂತಾರೆ. ಇಷ್ಟಕ್ಕೆ ಹದಿನೈದು ದಿನದ ಫೋನು!

ಚಪ್ಪಲಿ ಹಾಕ್ತಾರಾ?

ತೈಪೂಸಕ್ಕೆ ಪಳನಿಗೆ ಬರಿಗಾಲು. ಮಗ ಬೇಡ ಅಂದಿದ್ದಕ್ಕೆ ‘ಮುರುಗ ಬರಿಗಾಲಲ್ಲೇ ನಿಂತಿಲ್ವಾ?’ ಅಂದ್ಲು. ಅವನು ನಿಂತಿದಾನೆ ತಾಯಿ, ಡಾಂಬರಿನ ಮೇಲೆ ನಡೆದಿಲ್ಲ. ಜೊತೆಗೆ ದವಡೇಲಿ ಹೊಗೆಸೊಪ್ಪು. ಜಗಿಯೋದು ಬಾಯಿ, ರಕ್ತನಾಳ ಬಿಗಿದು ರಕ್ತ ಸಾಲದೆ ತಣ್ಣಗಾಗೋದು ನಾನು. ಈ ಊರಲ್ಲಿ ಹೊಗೆಸೊಪ್ಪಿನ ಸಂಶೋಧನೆಗೆ 1948ರಿಂದ ಒಂದು ಕೇಂದ್ರವೇ ಇದೆ. ನಾನೇನು ಬೆಳೆಯೇ, ಬಿಡಿ.

ಹಿಮ್ಮಡಿ ಹತ್ತಿರ ಏನದು, ಕಪ್ಪಗೆ?

ಎಲ್ಲಿ? ನನಗೆ ನಾನು ಕಾಣಲ್ವಲ್ಲ. ನಿಮ್ಮ ಫೋನ್ ಇತ್ತ ಹಿಡೀರಿ... ಅಯ್ಯೋ, ಜಾಲಿ ಮುಳ್ಳು! ಒಳಗೇ ಮುರಿದಿದೆ. ಯಾವತ್ತಿಂದು, ಪಳನಿ ದಾರೀದೋ ಹಿತ್ತಿಲದ್ದೋ...

ಅಷ್ಟರಲ್ಲಿ ಅಜ್ಜಿಗೆ ಎಚ್ಚರವಾಯಿತು. ನನ್ನನ್ನು ಕಂಡು ಗಡಬಡಿಸಿ ಕಾಲು ಮಡಚಿ, ಸೀರೆಯಂಚು ಎಳೆದುಕೊಂಡರು. ‘ಅಜ್ಜಿ, ಮುಳ್ಳು...’ ಎನ್ನುವುದರೊಳಗೆ, ‘ಇರಪ್ಪಾ, ಕಾಪಿ ತರ್ತೀನಿ’ ಎಂದು ಎದ್ದು, ಬಲಗಾಲನ್ನೇ ಚೆನ್ನಾಗಿ ಊರಿಕೊಂಡು ಒಳಗೆ ನಡೆದರು.