ಈ ಗಾಜಿನ ಊರು ಯಾವುದು?

ಅಕ್ಕಾರ, ನಿಮ್ಮ ಶೋಕೇಸಿನಾಗಿನ ಆ ತಿಳಿನೇರಳೆ ಹೂದಾನಿಯನ್ನು ಒಮ್ಮೆ ಬಿಸಿಲಿಗೆ ಹಿಡೀರಿ, ಆಮೇಲೆ ಹಳೇ ತರದ (ಎಲ್‌ಇಡಿ ಅಲ್ಲದ) ಟ್ಯೂಬ್‌ಲೈಟಿನ ಕೆಳಗೆ ಹಿಡೀರಿ. ಅಲ್ಲಿ ನೇರಳೆ, ಇಲ್ಲಿ ಆಕಾಶನೀಲಿ ಕಂಡರೆ ಗಾಜಿಗೆ ನಿಯೋಡಿಮಿಯಮ್ ಹಾಕಿದ್ದಾರೆ ಅಂತ ತಿಳೀರಿ. ಜೆಕ್ ಸೀಮೆಯ ಕಾರ್ಲೋವಿ ವಾರಿ ಊರಿನ ಮೋಸರ್ ಗಾಜಿನ ಕಾರ್ಖಾನೆಯವರು 1920ರ ದಶಕದಲ್ಲೇ ಇದನ್ನು ಮಾಡುತ್ತಿದ್ದರು. ಹಾಗಂತ ಬಣ್ಣ ಬದಲಿಸಿದ್ದೆಲ್ಲ ಜೆಕ್ ಗಾಜಲ್ಲ ಮತ್ತೆ, ಬೇರೆ ದೇಶದವರೂ ಮಾಡಿದ್ದಾರೆ.

1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಗಾಜನ್ನೂ ಇಟ್ಟಿದ್ದ ಜೆಕೊಸ್ಲೊವಾಕಿಯಾದ ಮಂಟಪಕ್ಕೇ ದೊಡ್ಡ ಬಹುಮಾನ. ಅಷ್ಟು ಹೆಸರಾದ ಗಾಜು, ಆದರೆ ಬಹಳಷ್ಟಕ್ಕೆ ಅಡಿಯಲ್ಲಿ ರುಜು ಇಲ್ಲ, ಬರೀ ಕಾಗದದ ಚೀಟಿ! ಮೊದಲ ಸಲ ತೊಳೆದಾಗಲೇ ಅದು ಹೋಯ್ತಲ್ಲ. ಆಮೇಲೆ ಇಟಲಿಯ ಮುರಾನೊದ್ದು ಅಂತ ಮಾರಿದರೂ ಕೇಳುವವರಿಲ್ಲ. ಚೀಟಿ ಉಳಿದಿದ್ದರೆ ಕೀಳಬ್ಯಾಡ್ರಿ.

ಹೂದಾನಿಗಿಂತ ಮೊದಲೇ ಆ ಸೀಮೆಯ ಗಾಜು ನಮ್ಮವರ ಕೈ ಸೇರಿತ್ತು, ಅಲ್ವಾ? ಮೊದಲ ಮಹಾಯುದ್ಧಕ್ಕೂ ಮುಂಚೆ ಬೊಹೀಮಿಯಾದ ಯಬ್ಲೊನೆಟ್ಸ್ ಕಡೆಯ ಬಳೆ, ಮಣಿ ಹಡಗಿನಲ್ಲಿ ಬರುತ್ತಿದ್ದವು. ಅಚ್ಚಿನಲ್ಲಿ ಒತ್ತಿದ ಆ ಮಣಿಗಳಿಗೆ ನಡುವೆ ಸಣ್ಣ ಗೆರೆ ಇರುತ್ತದೆ. ಫಿರೋಜಾಬಾದಿನ ಬಳೆಯಾದರೆ ಉಗುರು ಆಡಿಸಿದಾಗ ಬೆಸುಗೆ ಸಿಗುತ್ತದೆ. ಸುರುಳಿ ಸುತ್ತಿ, ಕೊಯ್ದು, ತುದಿಗೆ ತುದಿ ಉರಿಯಲ್ಲಿ ಕೂಡಿಸಿರುತ್ತಾರೆ. ಹಳೇ ಕಾಲದ ಬಳೆಗಾರರು ಗಾಜಿನ ಮುದ್ದೆಗೆ ತೂತು ಹಾಕಿ, ಸಲಾಕೆಯ ಮೇಲೆ ತಿರುಗಿಸಿ ತಿರುಗಿಸಿ ಅಗಲ ಮಾಡುತ್ತಿದ್ದರು. ಅದರಲ್ಲಿ ಬೆಸುಗೆಯೇ ಇಲ್ಲ. ಎಂಥಾ ಕೈ ನೋಡ್ರಿ!

ಇದನ್ನೆಲ್ಲ ಯಾಕೆ ಅಂದೆ ಅಂದರೆ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಗಾಗಿ. ಚಿನ್ನ ಹುಡುಕುತ್ತಿದ್ದ ಬೀಡನ್ ಸಾಹೇಬ 1915ರಲ್ಲಿ ಅಶೋಕನ ಶಾಸನ ಕಂಡ ಕಥೆ ನಿಮಗೆ ಗೊತ್ತೇ ಇದೆ. ಶಾಸನ ನೋಡಿ ಬಂದವರು ಕಾಲ ಕೆಳಗಿನ ನೆಲವನ್ನು ನೋಡುವುದಿಲ್ಲ, ನನಗೆ ಅದೇ ಬೇಜಾರು. 1954ರಲ್ಲಿ, ಮಸ್ಕಿ ಇನ್ನೂ ಲಿಂಗಸುಗೂರು ತಾಲ್ಲೂಕಿನಲ್ಲಿದ್ದಾಗ, ಪುರಾತತ್ವಜ್ಞ ಬಿ. ಕೆ. ಥಾಪರ್ ಅಗೆಸಿದರಲ್ಲ, ಆಗ ಅಗೇಟು, ಕೆಂಪು ಕಾರ್ನೀಲಿಯನ್, ಚಿಪ್ಪು, ಗಾಜು, ಎಲ್ಲಾ ತರದ ಮಣಿ ಸಿಕ್ಕವು. ಶಂಖದ ಬಳೆಯೂ ಅಲ್ಲಿನದೇ ಸಾಮಾನು. ಸಮುದ್ರ ಎಲ್ಲಿ, ಮಸ್ಕಿ ಎಲ್ಲಿ! ಇವತ್ತು ಸಿಂಧನೂರಿನ ಬಂಗಾಳಿ ಕ್ಯಾಂಪಿನ ಹೆಣ್ಣುಮಕ್ಕಳ ಕೈಯಲ್ಲಿ ಬಿಳೀ ಶಂಖದ ಬಳೆ ಕಂಡಾಗೆಲ್ಲ ನನಗೆ ಮಸ್ಕಿಯೇ ನೆನಪಾಗುತ್ತದೆ. ಇವರು ಬಂದದ್ದು ಮೊನ್ನೆ ಮೊನ್ನೆ, ಪೂರ್ವ ಬಂಗಾಳದಿಂದ. ಆದರೂ ಈ ನೆಲಕ್ಕೆ ಆ ಬಳೆ ಹೊಸದಲ್ಲ, ಹೌದಿಲ್ರೀ?

ಹಾಂ, ಗಾಜಿನ ಮಣಿ. ಭೂತಗನ್ನಡಿ ಹಿಡಿದು ಗುಳ್ಳೆ ನೋಡಬೇಕು. ಶಾವಿಗೆ ಎಳೆದ ಹಾಗೆ ಕೊಳವೆ ಎಳೆದು ಕತ್ತರಿಸಿದ ಮಣಿಯಾದರೆ ಗುಳ್ಳೆಗಳು ತೂತಿನ ಉದ್ದಕ್ಕೆ ಮಲಗಿರುತ್ತವೆ. ಕಡ್ಡಿಗೆ ಸುತ್ತಿ ಮಾಡಿದ್ದಾದರೆ ತೂತಿನ ಸುತ್ತ ತಿರುಗಿರುತ್ತವೆ. ಬೆವರು ಸುರಿಸಿ ಕುಲುಮೆ ಮುಂದೆ ಕುಂತವನ ಕೈ ಯಾವ ಕಡೆ ಆಡಿತು ಅನ್ನುವುದು ಎಷ್ಟು ಶತಮಾನ ಕಳೆದರೂ ಅಲ್ಲೇ ಇರುತ್ತದೆ.

ಸಂತೆಯಲ್ಲಿ, ಗುಜರಿಯಲ್ಲಿ ಜೆಕ್ ಹೂದಾನಿ ಸಿಕ್ಕರೆ ಧಾರಾಳ ಕೊಂಡು ಕೂಡಿಡ್ರಿ, ನನಗೂ ತೋರಿಸ್ರಿ. ಮಸ್ಕಿ ಗುಡ್ಡದ ಮಣಿ, ಬಳೆಚೂರು ಮಾತ್ರ ಹುಡುಗರು ಜೇಬಿಗೆ ಹಾಕಿಕೊಳ್ಳದಂತೆ ನೋಡಿಕೊಳ್ರಿ. ಯಾವ ಜಾಗದಲ್ಲಿ, ಯಾವ ಮಣ್ಣಿನ ಪದರದಲ್ಲಿ ಇತ್ತು ಅನ್ನುವುದು ತಪ್ಪಿದರೆ ಅದರ ಕಾಲ ಹೇಳುವುದು ಕಷ್ಟ. ಬಿದ್ದದ್ದು ಬಿದ್ದಲ್ಲೇ ಇರಲಿ, ಪುರಾತತ್ವ ಇಲಾಖೆಯವರಿಗೆ ಒಂದು ಮಾತು ತಿಳಿಸ್ರಿ.