ಲ್ಯಾಬಿಗೆ ಹೋದ ನಮ್ಮವರು ಉಳಿಯಲ್ಲ, ಮಾರಾಯ್ರೆ!

ಶಿವಮೊಗ್ಗದ ಗೋಪಾಳದ ಮನೆಯೊಂದರ ಫ್ರಿಜ್ಜು. ಅಪ್ಪೆಮಿಡಿ ಉಪ್ಪಿನಕಾಯಿಗೂ ನಂದಿನಿ ಮೊಸರಿಗೂ ನಡುವೆ ಇನ್ಸುಲಿನ್ ಸೀಸೆ. ಏಪ್ರಿಲ್ ಮಧ್ಯಾಹ್ನ, ಕರೆಂಟಿಲ್ಲ. ಇಂಥ ಹೊತ್ತಲ್ಲೂ ಅದು ಮಾತಿಗೆ ಒಪ್ಪಿದ್ದೇ ದೊಡ್ಡದು.

ನಾನು: ತಮ್ಮ ಮನೆತನ?

ಇನ್ಸುಲಿನ್: ಮೂಲ ಮನೆ ಮೇದೋಜೀರಕ ಗ್ರಂಥಿ. ಎರಡು ಸರಪಳಿ, 51 ಅಮೈನೋ ಆಮ್ಲ. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಮ್ಮನ್ನ ಹೊರಗೆ ತೆಗೆದರು. ಆಗ ದನ, ಹಂದಿ. ಈಗ ಯೀಸ್ಟು, ಬ್ಯಾಕ್ಟೀರಿಯಾ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಪಿಕಿಯ ಅನ್ನೋ ಯೀಸ್ಟಿನಲ್ಲಿ ಬೆಳೆಸಿದ ಇನ್ಸುಲಿನ್ ಮಾರುಕಟ್ಟೆಗೆ ತಂತು. ನಮ್ಮಲ್ಲೂ ಅಪ್ಪಟ ಕನ್ನಡಿಗರಿದ್ದಾರೆ. ರಾಜ್ಯೋತ್ಸವಕ್ಕೆ ಯಾರೂ ಕರೆಯಲ್ಲ, ಅಷ್ಟೇ.

ನಾನು: ಲ್ಯಾಬುಗಳಲ್ಲಿ ನಿಮ್ಮ ಮೇಲೆ ದೂರಿದೆ. ಜೀವಕೋಶಗಳಿಗೆ ಹಾಕಿದರೆ ಕೆಲವು ಸಲ ಕೆಲಸವೇ ಮಾಡಲ್ಲವಂತೆ?

ಇನ್ಸುಲಿನ್: ಕೆಲಸ ಮಾಡೋಕೆ ನಾವು ಅಲ್ಲಿ ಇರಬೇಕಲ್ಲ! ಪಿಪೆಟ್ಟಿಂದ ಬಿಟ್ಟ ಕೂಡಲೇ ಕೆಲವರು ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ತಾರೆ. ಅದಕ್ಕೇ ತಿಳಿದವರು ಸ್ವಲ್ಪ ಆಲ್ಬುಮಿನ್ ಬೆರೆಸ್ತಾರೆ. ಉಳಿದವರಿಗೆ 37 ಡಿಗ್ರಿ ಶಾಖ. ಜೀವಕೋಶ ಬೆಳೆಸೋ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಸಿಸ್ಟೀನ್ ಇದ್ದರೆ ಎರಡು ಸರಪಳಿ ಕಟ್ಟಿರೋ ಗಂಧಕದ ಕೊಂಡಿಯನ್ನೇ ಬಿಚ್ಚಿಹಾಕುತ್ತೆ. ಜೀವಕೋಶಗಳನ್ನ ಸಾಕೋಕೆ ಹಾಕಿದ ಪೋಷಕಾಂಶ ಅದು! ಇಷ್ಟು ದಾಟಿದವರನ್ನ ಜೀವಕೋಶವೇ ಬಾಗಿಲು ತೆಗೆದು ಒಳಗೆ ಕರೆದು, ಕಿಣ್ವಗಳಿಂದ ಕತ್ತರಿಸುತ್ತೆ. ನಮಗಂತಲೇ ಒಂದು ಕಿಣ್ವ 1949ರಲ್ಲೇ ಪತ್ತೆಯಾಗಿದೆ.

ನಾನು: ಕ್ರೂರ ಅಲ್ಲವೇ?

ಇನ್ಸುಲಿನ್: ದೇಹದ ಮಟ್ಟಿಗೆ ಅದೇ ಧರ್ಮ. ರಕ್ತದಲ್ಲಿ ಐದಾರು ನಿಮಿಷಕ್ಕೆ ನಮ್ಮಲ್ಲಿ ಅರ್ಧ ಜನ ಮಾಯ. ಹಾಗೇ ಸುತ್ತುತ್ತಿದ್ದರೆ ಸಕ್ಕರೆ ಪಾತಾಳಕ್ಕಿಳಿದು ನೀವು ಮಾಯ. ನಮ್ಮ ಬಂಧು ಜಿಎಲ್‌ಪಿ-1 ಹಾರ್ಮೋನಿನ ಗತಿ ಇನ್ನೂ ಕಷ್ಟ, ಸುಮಾರು ಎರಡು ನಿಮಿಷ. ಡಿಪಿಪಿ-4 ಅನ್ನೋ ಕಿಣ್ವ ತುದಿಯಿಂದ ಎರಡೇ ಅಮೈನೋ ಆಮ್ಲ ಕತ್ತರಿಸುತ್ತೆ, ಕಥೆ ಮುಗೀತು. ನಿಮ್ಮ ಮೆಡಿಕಲ್ ಶಾಪಿನ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಆ ಕಿಣ್ವದ ಕೈ ಕಟ್ಟೋ ಮಾತ್ರೆಗಳು. ಲ್ಯಾಬಿನವರು ಮೀಡಿಯಂಗೆ ಸುರಿಯೋ ಸೀರಮ್‌ನಲ್ಲೂ ಅದೇ ಕಿಣ್ವ ಇರುತ್ತೆ.

ನಾನು: ಅದಕ್ಕೆ ಲ್ಯಾಬಿನವರ ಪರಿಹಾರ?

ಇನ್ಸುಲಿನ್: ಇನ್ನಷ್ಟು ಸುರಿ! ಉಪವಾಸದಲ್ಲಿರೋರ ರಕ್ತದಲ್ಲಿ ನಾವು ಮಿಲಿಲೀಟರಿಗೆ ಒಂದು ನ್ಯಾನೋಗ್ರಾಮೂ ಇರಲ್ಲ. ಲ್ಯಾಬಿನ ಪ್ಲೇಟಿನಲ್ಲಿ ಮಿಲಿಲೀಟರಿಗೆ 10 ಮೈಕ್ರೋಗ್ರಾಮ್ ಹಾಕೋದು ಮಾಮೂಲು. ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಕೊನೆಗೆ ವರದಿಯಲ್ಲಿ ‘ಇಷ್ಟು ಇನ್ಸುಲಿನ್ ಪ್ರಭಾವದಲ್ಲಿ’ ಅಂತ ಬರೀತಾರೆ. ಬಿಲ್ಲಿನಲ್ಲಿರೋ ಜಲ್ಲಿಯೆಲ್ಲ ರಸ್ತೆ ಮೇಲಿರುತ್ತಾ, ನೀವೇ ಹೇಳಿ?

(ಶಿವಮೊಗ್ಗದ ಮಳೆಗಾಲ ಕಂಡವನಾದ್ದರಿಂದ ಸುಮ್ಮನಾದೆ.)

ನಾನು: ಉಳಿದವರನ್ನು ಎಣಿಸಬಹುದಲ್ಲ?

ಇನ್ಸುಲಿನ್: ಎಣಿಸ್ತಾರೆ, ಅದೊಂದು ತಮಾಷೆ. ಹಳೇ ಕ್ರಮದಲ್ಲಿ ನಮಗೆ ವಿಕಿರಣಶೀಲ ಅಯೋಡಿನ್ ಹಚ್ಚಿ, ಕೊನೆಗೆ ಟ್ರೈಕ್ಲೋರೋಅಸಿಟಿಕ್ ಆಮ್ಲ ಹಾಕ್ತಾರೆ. ಇಡಿಯಾಗಿರೋದು ಬೆಳ್ಳಗೆ ಹೆಪ್ಪುಗಟ್ಟಿ ತಳ ಸೇರುತ್ತೆ, ಸಣ್ಣ ಚೂರುಗಳು ಮೇಲಿನ ನೀರಲ್ಲೇ ಉಳೀತಾವೆ. ಆದರೆ ಒಂದೆರಡು ಕಡೆ ಮಾತ್ರ ಕತ್ತರಿ ಬಿದ್ದಿದ್ದರೆ? ಗಂಧಕದ ಕೊಂಡಿ ತುಂಡುಗಳನ್ನ ಬಿಡದೆ ಹಿಡಿದಿರುತ್ತೆ. ಅಂಥವನೂ ತಳಕ್ಕೇ ಕೂತು ‘ಸುರಕ್ಷಿತ’ ಅಂತ ಲೆಕ್ಕಕ್ಕೆ ಬರ್ತಾನೆ. ಕೆಲಸಕ್ಕೆ ಮಾತ್ರ ಇಲ್ಲ.

ನಾನು: ಅಂಥವರಿಗೆ ನಮ್ಮಲ್ಲಿ ಪಿಂಚಣಿಯೂ ಬರುತ್ತದೆ.

ಇನ್ಸುಲಿನ್: ನಮಗಿಲ್ಲ ಬಿಡಿ. ತುಂಡಾದವರನ್ನ ಸರಿಯಾಗಿ ಹಿಡಿಯೋಕೆ ಎಚ್‌ಪಿಎಲ್‌ಸಿ, ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಅವಕ್ಕೆ ದುಡ್ಡು ಬೇಕು.

ನಾನು: ಕೊನೆಯದಾಗಿ, ಸಂಶೋಧಕರಿಗೆ ಏನು ಹೇಳುತ್ತೀರಿ?

ಇನ್ಸುಲಿನ್: ಪ್ಲೇಟಿನಲ್ಲಿ ಜೀವಕೋಶ ಇಲ್ಲದ ಒಂದು ಗುಳಿಯಲ್ಲೂ ನಮ್ಮನ್ನ ಹಾಕಿ, ಅದೇ ಶಾಖದಲ್ಲಿ ಇಡಿ. ಸೊನ್ನೆ, 15, 30, 60 ನಿಮಿಷಕ್ಕೆ ಎರಡೂ ಕಡೆಯಿಂದ ಒಂದೊಂದು ಹನಿ ತೆಗೆದು ಐಸ್ ಮೇಲಿಟ್ಟು ಅಳೀರಿ. ಯಾರು ಕೊಂದಿದ್ದು, ಮೀಡಿಯಮ್ಮೋ ಜೀವಕೋಶವೋ, ಅಲ್ಲೇ ಗೊತ್ತಾಗುತ್ತೆ. ವರದಿಯಲ್ಲಿ ‘ಹಾಕಿದ್ದು’ ಅನ್ನೋ ಕಾಲಂ ಪಕ್ಕ ‘ಉಳಿದದ್ದು’ ಅಂತ ಇನ್ನೊಂದು ಕಾಲಂ ಎಳೀರಿ. ಅದು ಖಾಲಿ ಬಿಟ್ಟವರು ‘ಇನ್ಸುಲಿನ್ ಕೆಲಸ ಮಾಡಲಿಲ್ಲ’ ಅಂತ ಬರೆಯೋ ಹಾಗಿಲ್ಲ.