ಕೊಡುಗೈ ಮಹಾಶಯ

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೂರನೆಯ ವರ್ಷ ಮುಗಿದು ಉದ್ಯೋಗದ ಚಿಂತೆ ತಲೆದೋರುವ ಸಂಧಿಕಾಲದಲ್ಲಿ, ಅದುವರೆಗೆ ಪಕ್ಕದ ಬೆಂಚಿನವನಿಗೆ ಒಂದು ಪೆನ್ನನ್ನೂ ಎರವಲು ಕೊಟ್ಟರಿಯದ ತರುಣನೊಬ್ಬನಲ್ಲಿ, ಜಗತ್ತಿಗೆ ಏನನ್ನಾದರೂ ಧಾರೆಯೆರೆದು ಕೊಡಬೇಕೆಂಬ ಉದಾತ್ತ ಪ್ರೇರಣೆ ಹಠಾತ್ತನೆ ಉದಯಿಸುವುದುಂಟು. ಯಾರು ಬೇಕಾದರೂ ಓದಿ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶಕ್ಕೆ ಇಳಿಯುವ ಈ ಮಹಾಶಯನ ಪ್ರಥಮ ಕಾರ್ಯವೆಂದರೆ ಲ್ಯಾಪ್‌ಟಾಪಿನ ಬೆನ್ನಿಗೆ ಲಿನಕ್ಸಿನ ಪೆಂಗ್ವಿನ್ನನ್ನು ಅಂಟಿಸುವುದು. ಒಳಗೆ ವಿಂಡೋಸ್ ಯಥಾಪ್ರಕಾರ ವಿರಾಜಮಾನವಾಗಿರುತ್ತದೆ.

ಹೊಸಬರ ಕೈ ಪಳಗಲೆಂದು ಯೋಜನೆಗಳವರು ಕೆಲವು ಸುಲಭ ಕೆಲಸಗಳಿಗೆ ‘ಗುಡ್ ಫಸ್ಟ್ ಇಶ್ಯೂ’ ಎಂಬ ಚೀಟಿ ಹಚ್ಚಿ ಇಟ್ಟಿರುತ್ತಾರೆ. ಚೀಟಿ ಕಣ್ಣಿಗೆ ಬಿದ್ದದ್ದೇ ತಡ, ಕೆಲಸವೇನೆಂದು ಓದುವ ವಿಳಂಬಕ್ಕೂ ಆಸ್ಪದವೀಯದೆ ಮಹಾಶಯ ಅದರಡಿಯಲ್ಲಿ ‘ಸರ್, ದಯವಿಟ್ಟು ಇದನ್ನು ನನಗೆ ಅಸೈನ್ ಮಾಡಿ’ ಎಂದು ಬರೆಯುತ್ತಾನೆ. (ಆ ‘ಸರ್’ ಮಹಿಳೆಯೂ ಆಗಿರಬಹುದು, ಭಕ್ತಿಗೆ ಅದು ಬಾಧಕವಲ್ಲ.) ಅಸೈನ್ ಆಯಿತೋ, ಬಸ್ಸಿನ ಸೀಟಿನ ಮೇಲೆ ಕರ್ಚೀಫು ಹಾಕಿ ಕಾಫಿಗಿಳಿದ ಪ್ರಯಾಣಿಕನಂತೆ ಅಂತರ್ಧಾನನಾಗುತ್ತಾನೆ.

ಅವನ ಪುನರ್ದರ್ಶನ ಅಕ್ಟೋಬರ್ ಮಾಸದಲ್ಲಿ. ಡಿಜಿಟಲ್‌ಓಷನ್ ಸಂಸ್ಥೆಯವರು 2014ರಲ್ಲಿ ಆರಂಭಿಸಿದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಉತ್ಸವದಲ್ಲಿ, 2020ರ ಸಾಲಿನಲ್ಲಿ, ನಾಲ್ಕು ಪುಲ್ ರಿಕ್ವೆಸ್ಟ್ (ತಿದ್ದುಪಡಿಯನ್ನು ಸೇರಿಸಿಕೊಳ್ಳಿರೆಂಬ ಕೋರಿಕೆ) ಸಲ್ಲಿಸಿದ ಮೊದಲ 70,000 ಮಂದಿಗೆ ಟೀ ಶರ್ಟು ಸಿಗುತ್ತಿತ್ತು. ಅದೊಲ್ಲದವರ ಹೆಸರಿನಲ್ಲಿ ಒಂದು ಸಸಿ. ಸಸಿಯ ವಿಷಯದಲ್ಲಿ ಮಹಾಶಯನಿಗೆ ಗೌರವವಿಲ್ಲದಿಲ್ಲ. ಅದನ್ನು ತೊಟ್ಟುಕೊಂಡು ಕ್ಯಾಂಟೀನಿಗೆ ಹೋಗಲಾಗದು, ಅಷ್ಟೆ. ಆದುದರಿಂದ ಅವನೂ ಅವನಂಥ ಸಹಸ್ರಾರು ಮಂದಿಯೂ ಕಂಡಕಂಡ ಯೋಜನೆಗಳ ರೀಡ್‌ಮಿ ಕಡತ ತೆರೆದು, ಶೀರ್ಷಿಕೆಗೆ ‘ಅಮೇಜಿಂಗ್’ ಎಂಬ ವಿಶೇಷಣ ತೊಡಿಸಿ, ಇಲ್ಲವೇ ಒಂದು ಅಲ್ಪವಿರಾಮವನ್ನು ಸ್ಥಾನಾಂತರಿಸಿ, ಕೊಡುಗೆಗಳ ಮಳೆಗರೆದರು. ಸಂಬಳದ ಕೆಲಸ ಮುಗಿಸಿ, ನಿದ್ದೆಗೆಟ್ಟು, ಬಿಡಿಗಾಸಿಲ್ಲದೆ ಯೋಜನೆಯನ್ನು ಸಲಹುವ ಮೇಂಟೇನರುಗಳು ಆ ಅಲ್ಪವಿರಾಮಗಳನ್ನು ಒಂದೊಂದಾಗಿ ನಿರಾಕರಿಸುತ್ತ ಕುಳಿತರು. ತಿಂಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಒಪ್ಪಿಗೆಯಿತ್ತ ಯೋಜನೆಗಳಿಗೆ ಮಾತ್ರ ಕೊಡುಗೆ ಸಲ್ಲತಕ್ಕದ್ದೆಂದು ನಿಯಮವೇ ಬದಲಾಯಿತು. ದಾನವನ್ನು ತಡೆಯಲು ಕಾನೂನು ಮಾಡಬೇಕಾಗಿ ಬಂದ ಸಂದರ್ಭ ಪುರಾಣಗಳಲ್ಲಿಯೂ ವಿರಳವೆಂದು ತೋರುತ್ತದೆ.

ಆದರೂ ಈ ಬಳಗದಲ್ಲಿ ಎಲ್ಲರೂ ನಿರಪಾಯರೆಂದು ತಿಳಿಯಲಾಗದು. ಕ್ವಚಿತ್ತಾಗಿ ಒಬ್ಬ ದಾರಿ ತಪ್ಪಿ ಕೋಡನ್ನೇ ಓದಿಬಿಡುತ್ತಾನೆ. ಕೆಂಪಗೆ ಫೇಲಾದ ಟೆಸ್ಟನ್ನು ಕಂಡು ಓಡಿಹೋಗದೆ, ರಿವ್ಯೂ ಮಾಡಿದವರು ಹೇಳಿದಂತೆ ತಿದ್ದಿ, ಮತ್ತೆ ಕಳಿಸಿ, ಮತ್ತೆ ತಿದ್ದಿ, ಒಂದು ನಡುರಾತ್ರಿ ‘ಮರ್ಜ್ಡ್’ ಎಂಬ ನೇರಳೆ ಗುರುತನ್ನು ಸಂಪಾದಿಸಿಕೊಳ್ಳುತ್ತಾನೆ. ಅಂಥವನು ಕ್ರಮೇಣ ಮೇಂಟೇನರನೇ ಆಗಿಬಿಡುವುದುಂಟು. ಈಗ ಅವನಿಗೆ ಬೆಳಗಾದರೆ ಯಾರೋ ‘ಸರ್’ ಎನ್ನುತ್ತಾರೆ, ಅವನು ಉತ್ತರಿಸುವುದಿಲ್ಲ; ಅಕ್ಟೋಬರ್ ಬಂದರೆ ಊಟ ಸೇರುವುದಿಲ್ಲ.